ಹೆಸರು, ಪೇಟೆ ಮತ್ತು ಹರಟೆ: ಹಾವೇರಿ ಸೀಮೆಯ ಊರುಮಾತಿನ ಒಂದು ಅಧ್ಯಯನ

1. ವಿಷಯ ಪ್ರವೇಶ

ಕನ್ನಡದಲ್ಲಿ ನಗರ ಸಂಸ್ಕೃತಿಯ ಅಧ್ಯಯನ ಎಂದೊಡನೆ ಬೆಂಗಳೂರು, ಮೈಸೂರುಗಳು ಕಣ್ಣಮುಂದೆ ಬರುತ್ತವೆ. ಮೌಖಿಕ ಪರಂಪರೆಯ ಅಧ್ಯಯನ ಎಂದೊಡನೆ ಹಳ್ಳಿ ಬರುತ್ತದೆ. ಇವೆರಡರ ನಡುವೆ ಇರುವ ಮಾರುಕಟ್ಟೆಯ ಊರುಗಳು, ತಾಲೂಕು ಕೇಂದ್ರಗಳು, ರೈಲು ನಿಲ್ದಾಣವನ್ನು ಆಶ್ರಯಿಸಿ ಬೆಳೆದ ಪೇಟೆಗಳು ಎರಡೂ ಅಧ್ಯಯನಕ್ರಮಗಳ ಅಂಚಿನಲ್ಲಿಯೇ ಉಳಿದಿವೆ. ಹಳ್ಳಿಯ ಹಾಡು, ಒಗಟು, ಗಾದೆಗಳನ್ನು ಆಸ್ಥೆಯಿಂದ ಸಂಗ್ರಹಿಸಿದ ನಾವು ಪೇಟೆಯ ಚಾದಂಗಡಿಯಲ್ಲಿ ದಿನವೂ ಹುಟ್ಟಿ ದಿನವೂ ಕರಗುವ ಮಾತನ್ನು ಸಂಗ್ರಹಯೋಗ್ಯವೆಂದು ಭಾವಿಸಿದ್ದು ಕಡಿಮೆ.

ಪ್ರಸ್ತುತ ಲೇಖನದಲ್ಲಿ ‘ಊರುಮಾತು’ ಎಂಬ ಪದವನ್ನು ನಿರ್ದಿಷ್ಟ ಅರ್ಥದಲ್ಲಿ ಬಳಸಲಾಗಿದೆ. ಒಂದು ಊರಿನ ಬಗೆಗೆ ಆ ಊರಿನ ಅಭಿಮಾನಿಗಳು ಯಾವ ವಿಧಿವಿಧಾನಗಳಿಲ್ಲದೆ ಬಿಡುವಿನ ವೇಳೆಯಲ್ಲಿ ತಮ್ಮ ತಮ್ಮಲ್ಲೇ ಆಡಿಕೊಳ್ಳುವ ಮಾತೇ ಊರುಮಾತು. ಊರಿಗೆ ಈ ಹೆಸರು ಹೇಗೆ ಬಂತು, ಇಲ್ಲಿಯ ಸರಕಿಗೇಕೆ ಇಷ್ಟು ಕೀರ್ತಿ, ಹಳೆಯ ಪೇಟೆ ಎಲ್ಲಿತ್ತು, ಹೊಸ ರಸ್ತೆ ಯಾರ ಅಂಗಡಿಯನ್ನು ನುಂಗಿತು ಎಂಬಂಥ ವಿಷಯಗಳು ಇದರ ಜೀವಾಳ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಹಾಗೂ ತುಂಗಭದ್ರೆಯ ದಂಡೆಯ ಗಳಗನಾಥ ಈ ನಾಲ್ಕು ಊರುಗಳನ್ನು ಆಧರಿಸಿ ಊರುಮಾತಿನ ಸ್ವರೂಪವನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ. ಹೆಸರು ಊರನ್ನು ಬಿಟ್ಟು ದೂರ ಹೋದಾಗ ಅದನ್ನು ಮರಳಿ ಊರಿಗೆ ತರುವ ಪ್ರಯತ್ನವೇ ಊರುಮಾತು ಎಂಬುದು ಇಲ್ಲಿ ಮಂಡಿಸಬಯಸುವ ಮುಖ್ಯ ವಿಚಾರ.

2. ದಾಖಲಾದ ಹರಟೆ, ದಾಖಲಾಗದ ಹರಟೆ

ಹರಟೆ ಕನ್ನಡ ಸಾಹಿತ್ಯಕ್ಕೆ ಅಪರಿಚಿತವಲ್ಲ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಪ್ರಕಟವಾದ ಕಾಲದಿಂದ ಲಲಿತ ಪ್ರಬಂಧವು ಹರಟೆಯ ಲಯವನ್ನು ತನ್ನದಾಗಿಸಿಕೊಂಡಿದೆ. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು, 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇವುಗಳ ಮಾತುಕತೆ ಆತ್ಮಕಥೆಗಳಲ್ಲಿ, ನೆನಪಿನ ಬರೆಹಗಳಲ್ಲಿ ಉಳಿದುಬಂದಿದೆ. ಅಲ್ಲಿ ಮಾತನಾಡಿದವರೇ ಬರೆಯುವವರೂ ಆಗಿದ್ದುದು ಇದಕ್ಕೆ ಕಾರಣ. ಅದೇ ಧಾರವಾಡ ಜಿಲ್ಲೆಯ ಭಾಗವಾಗಿದ್ದು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಹಾವೇರಿ ಸೀಮೆಯ ಪೇಟೆಗಳಲ್ಲಿ ಮಾತನಾಡಿದವರು ದಲಾಲರು, ಶಿಕ್ಷಕರು, ಗುಮಾಸ್ತರು, ನಿವೃತ್ತ ನೌಕರರು, ಅಂಗಡಿಕಾರರು. ಅವರ ಮಾತು ಮಾತಾಗಿಯೇ ಉಳಿಯಿತು.

ಯುರೋಪಿನ ಚಿಂತಕ ಹ್ಯಾಬರ್‌ಮಾಸ್ 1962ರ ತಮ್ಮ ಗ್ರಂಥದಲ್ಲಿ ಹದಿನೆಂಟನೆಯ ಶತಮಾನದ ಕಾಫಿಗೃಹಗಳ ಚರ್ಚೆಯಿಂದ ‘ಸಾರ್ವಜನಿಕ ವಲಯ’ವೊಂದು ರೂಪುಗೊಂಡ ಬಗೆಯನ್ನು ವಿವರಿಸಿದ್ದಾರೆ. ಆ ಮಾದರಿಯನ್ನು ನಮ್ಮ ಚಾದಂಗಡಿಗಳಿಗೆ ನೇರವಾಗಿ ಅನ್ವಯಿಸುವುದು ಸೂಕ್ತವಲ್ಲ. ಅಲ್ಲಿಯ ಚರ್ಚೆಯ ಕೇಂದ್ರ ಪತ್ರಿಕೆ ಮತ್ತು ರಾಜ್ಯಾಡಳಿತ, ಇಲ್ಲಿಯದು ಊರು. ಗಿರಮಿಟ್ಟು, ಮಿರ್ಚಿಗಳ ನಡುವೆ ರಾಜಕಾರಣವೂ ಬಂದುಹೋಗುತ್ತದೆ ನಿಜ. ಆದರೆ ಅದು ಕೊನೆಗೆ ‘ನಮ್ಮೂರಿಗೇನು ಬಂತು’ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತದೆ.

3. ಸರಕಿನ ಹೆಸರು

ಹಾವೇರಿಯನ್ನು ‘ಏಲಕ್ಕಿ ಕಂಪಿನ ನಗರ’ ಎಂದು ಕರೆಯುವುದು ವಾಡಿಕೆ. 2023ರ ಜನವರಿ 6ರಿಂದ 8ರವರೆಗೆ ಅಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಸಂದರ್ಭದಲ್ಲಿಯೂ ಈ ಬಿರುದು ಮತ್ತೆ ಮತ್ತೆ ಕೇಳಿಬಂದಿತು. ಆದರೆ ಹಾವೇರಿಯ ಬಯಲಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿ ತೊಳೆದು, ಬಿಳುಪುಗೊಳಿಸಿ, ವಿಂಗಡಿಸಿ ಹೊರಗೆ ಕಳಿಸುವ ಕಸುಬು ಹಿಂದೆ ನಡೆಯುತ್ತಿತ್ತು. ಇಲ್ಲಿಯ ಬಾವಿಯ ನೀರಿನ ಗುಣದಿಂದಲೇ ಏಲಕ್ಕಿಗೆ ಕಂಪು ಬರುತ್ತಿತ್ತೆಂಬುದು ಹಳೆಯ ಮಾತು. ಆ ಕಸುಬಿನ ನೆನಪು ಇಂದು ಏಲಕ್ಕಿ ಮಾಲೆಯ ಕುಶಲಕಲೆಯಲ್ಲಿ ಉಳಿದಿದೆ. ‘ಬೆಳೆಯದ ಏಲಕ್ಕಿಗೆ ನಮ್ಮೂರ ಹೆಸರೇಕೆ?’ ಎಂಬ ಪ್ರಶ್ನೆಗೆ ಊರುಮಾತು ಕೊಡುವ ಉತ್ತರ ಬಾವಿಯ ನೀರು. ರಸಾಯನಶಾಸ್ತ್ರದ ದೃಷ್ಟಿಯಿಂದ ಈ ಉತ್ತರವನ್ನು ಒರೆಗೆ ಹಚ್ಚಬೇಕಾದೀತು. ಸಂಸ್ಕೃತಿ ಅಧ್ಯಯನದ ದೃಷ್ಟಿಯಿಂದ ಮುಖ್ಯವಾದುದು ಬೇರೆ: ಹೊರಗಿನಿಂದ ಬಂದ ಸರಕಿಗೆ ಊರು ತನ್ನ ನೆಲದ ಒಂದು ಅಂಶವನ್ನು ಬೆರೆಸಿ, ಆ ಮೂಲಕ ಕೀರ್ತಿಯನ್ನು ತನ್ನದಾಗಿಸಿಕೊಳ್ಳುತ್ತದೆ.

ಬ್ಯಾಡಗಿಯ ಮೆಣಸಿನಕಾಯಿಯದು ಇದೇ ವಿನ್ಯಾಸ, ಆದರೆ ಇನ್ನಷ್ಟು ವಿಸ್ತಾರವಾದುದು. ಅಲ್ಲಿಯ ಮಾರುಕಟ್ಟೆಗೆ ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಿಂದ ಮಾತ್ರವಲ್ಲದೆ ಬಳ್ಳಾರಿ, ರಾಯಚೂರು ಸೀಮೆಗಳಿಂದ, ಆಂಧ್ರದ ಗಡಿಭಾಗಗಳಿಂದಲೂ ಮಾಲು ಬರುತ್ತದೆ. ಎಲ್ಲಿಯೇ ಬೆಳೆದರೂ ಅದು ‘ಬ್ಯಾಡಗಿ’. ಹೆಸರು ಬೆಳೆದ ಹೊಲದ್ದಲ್ಲ, ಮಾರಾಟವಾದ ಪೇಟೆಯದು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಬಾಯಿಮಾತಿನಲ್ಲಿದ್ದ ಈ ಹೆಸರು ಕಾನೂನಿನ ಹೆಸರಾಯಿತು.

ಕಾನೂನು ಹೆಸರನ್ನು ಕಾಯುತ್ತದೆ; ಆದರೆ ಹೆಸರಿನೊಳಗಿನ ತಿಳಿವಳಿಕೆಯನ್ನು ಕಾಯುವುದು ಮಾತು. ‘ಡಬ್ಬಿ’ ಎಂದರೆ ಗಿಡ್ಡನೆಯ, ದುಂಡಗಿನ ಕಾಯಿ. ‘ಕಡ್ಡಿ’ ಎಂದರೆ ನೀಳವಾದ, ಸುಕ್ಕುಗಟ್ಟಿದ ಕಾಯಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಬ್ಯಾಡಗಿಯ ಲಕ್ಷಣ. ಇವುಗಳ ಒಳಭೇದಗಳನ್ನು ಮುಟ್ಟಿ, ಮೂಸಿ, ಮುರಿದು ನೋಡಿ ಹೇಳುವ ಪರಿಭಾಷೆ ಯಾವ ನಿಘಂಟಿನಲ್ಲಿಯೂ ಪೂರ್ತಿಯಾಗಿ ಸೇರಿಲ್ಲ. ವಿದ್ಯುನ್ಮಾನ ಟೆಂಡರು ಬಂದ ಮೇಲೆ ದರವು ಪರದೆಯ ಮೇಲೆ ಮೂಡುತ್ತದೆ. ಆ ದರ ಏಕೆ ಹಾಗಾಯಿತೆಂಬ ವಿವರಣೆ ಮಾತ್ರ ಇಂದಿಗೂ ಚಾದಂಗಡಿಯಲ್ಲಿಯೇ ನಡೆಯುತ್ತದೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆ ಈ ಹೆಸರಿನ ಒಳಗಿನ ಬಿರುಕನ್ನು ಬಯಲಿಗೆ ತಂದಿತು. ಹೆಸರು ಪೇಟೆಯದು, ನಷ್ಟ ಹೊಲದ್ದು. ಪೇಟೆಯ ಅಭಿಮಾನದ ಮಾತು ಎಷ್ಟೇ ಮಧುರವಾಗಿದ್ದರೂ ಅದು ಈ ಬಿರುಕನ್ನು ಮುಚ್ಚಬಲ್ಲುದೇ ಎಂಬುದನ್ನು ಅಧ್ಯಯನಕಾರರು ಕೇಳಿಕೊಳ್ಳಬೇಕಾಗುತ್ತದೆ.

4. ಊರಿನ ಹೆಸರು

ಸ್ಥಳನಾಮಗಳ ಬಗೆಗೆ ಪೇಟೆಯ ಜನರಿಗಿರುವ ಆಸಕ್ತಿ ಅಪಾರ. ಹಾವೇರಿಯು ‘ಹಾವಿನ ಕೇರಿ’ ಎಂಬುದು ಎಲ್ಲರೂ ಬಲ್ಲ ವಿವರಣೆ. ಸ್ಥಳನಾಮ ವಿಜ್ಞಾನವು ಇಂಥ ನಿಷ್ಪತ್ತಿಯನ್ನು ಒಪ್ಪುವ ಮುನ್ನ ಶಾಸನಗಳಲ್ಲಿಯ ಪಕಾರಾದಿ ರೂಪ, ಪಕಾರವು ಹಕಾರವಾದ ಕಾಲ ಇವುಗಳನ್ನು ಕೇಳುತ್ತದೆ. ಅದು ಸರಿಯಾದ ಕ್ರಮವೇ. ಆದರೆ ಜನನಿಷ್ಪತ್ತಿಯನ್ನು ತಪ್ಪೆಂದು ಹೊಡೆದುಹಾಕಿದಲ್ಲಿಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಹಾವಿನ ಕಥೆಯನ್ನು ಹೇಳುವವನು ಭಾಷಾಶಾಸ್ತ್ರವನ್ನು ಹೇಳುತ್ತಿಲ್ಲ; ಜಿಲ್ಲಾ ಕೇಂದ್ರವಾಗಿ ಬೆಳೆಯುತ್ತಿರುವ ಊರಿನ ಅಡಿಯಲ್ಲಿ ಒಂದು ಹಳೆಯ ಊರಿದೆ ಎಂದು ಹೇಳುತ್ತಿದ್ದಾನೆ.

ರಾಣೇಬೆನ್ನೂರಿನದು ಬರವಣಿಗೆಯ ಸಮಸ್ಯೆ. ರಾಣೇಬೆನ್ನೂರು, ರಾಣೆಬೆನ್ನೂರು, ರಾಣಿಬೆನ್ನೂರು ಎಂಬ ಮೂರೂ ರೂಪಗಳು ಫಲಕಗಳಲ್ಲಿ, ಪತ್ರಿಕೆಗಳಲ್ಲಿ ಕಾಣುತ್ತವೆ. ‘ರಾಣಿ’ ಎಂದವರು ರಾಣಿಯ ಕಥೆಯನ್ನು ಹೇಳುತ್ತಾರೆ; ‘ರಾಣೆ’ ಎಂದವರು ಬೇರೆ ಕಥೆಯನ್ನು ಹುಡುಕುತ್ತಾರೆ. ಬ್ಯಾಡಗಿಯ ಬಳಿ ಮೋಟೆಬೆನ್ನೂರು ಇರುವುದನ್ನು ಗಮನಿಸಿದರೆ, ಎರಡು ಬೆನ್ನೂರುಗಳನ್ನು ಬೇರೆ ಮಾಡಿ ಗುರುತಿಸಲು ಪೂರ್ವಪದಗಳು ಸೇರಿರಬೇಕೆಂದು ಊಹಿಸಬಹುದು. ಇಲ್ಲಿ ಒಂದು ಸ್ವರದ ವ್ಯತ್ಯಾಸವೇ ಚರಿತ್ರೆಯ ವ್ಯತ್ಯಾಸವಾಗುತ್ತದೆ.

5. ಗಳಗನಾಥ: ಊರೋ ಲೇಖಕರೋ

ಕನ್ನಡ ಅಧ್ಯಾಪಕರಲ್ಲಿ ‘ಗಳಗನಾಥ’ ಎಂದರೆ ಮೊದಲು ನೆನಪಾಗುವುದು ಊರಲ್ಲ, ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942). ಶಿಕ್ಷಕ ವೃತ್ತಿಯಲ್ಲಿದ್ದು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ, ‘ಮಾಧವ ಕರುಣಾವಿಲಾಸ’ದಂಥ ಐತಿಹಾಸಿಕ ಕಾದಂಬರಿಗಳ ಮೂಲಕ ಮರಾಠಿಯ ಪ್ರಭಾವ ದಟ್ಟವಾಗಿದ್ದ ಕಾಲದಲ್ಲಿ ಕನ್ನಡ ಓದುಗರ ಬಳಗವನ್ನು ಕಟ್ಟಿದವರು ಅವರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಸಾಹಿತ್ಯ ಚರಿತ್ರೆಯಲ್ಲಿಯೂ ಸ್ಥಾನ ಪಡೆದಿದೆ. ಆ ಮಾತು ಬೆಳೆದು ಉಳಿದದ್ದು ಅವರನ್ನು ಕಂಡವರ, ಕಂಡವರಿಂದ ಕೇಳಿದವರ ನಾಲಿಗೆಯ ಮೇಲೆ ಎಂಬುದನ್ನು ಮರೆಯಬಾರದು. ಲೇಖಕರ ಬಗೆಗಿನ ಈ ಚಿತ್ರ ಊರುಮಾತಿನ ಕೊಡುಗೆ.

ಊರು ತನ್ನ ಹೆಸರನ್ನು ಲೇಖಕರಿಗೆ ಕೊಟ್ಟು ತಾನು ಹಿಂದೆ ಸರಿಯಿತು. ವರದಾ ತುಂಗಭದ್ರೆಗಳ ಸಂಗಮದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಗರ್ಭಗೃಹದ ಹೊರಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರಿನಂತೆ ಕಟ್ಟಿದ ವಿಶಾಲವಾದ ಪೀಠ ಆ ದೇವಾಲಯದ ಅಪರೂಪದ ಲಕ್ಷಣ. ಸಾಹಿತ್ಯದ ವಿದ್ಯಾರ್ಥಿಗೆ ಲೇಖಕರು ಗೊತ್ತು, ವಾಸ್ತುಶಿಲ್ಪದ ವಿದ್ಯಾರ್ಥಿಗೆ ದೇವಾಲಯ ಗೊತ್ತು. ಹೊಳೆಯ ದಂಡೆ, ಗುಡಿ, ಕಾದಂಬರಿಕಾರರು ಮೂವರನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವರು ಆ ಸೀಮೆಯ ಅಭಿಮಾನಿಗಳು. ಶಿಸ್ತುಗಳು ಬೇರೆ ಬೇರೆ ಮಾಡಿದುದನ್ನು ಊರುಮಾತು ಒಂದುಗೂಡಿಸಿಕೊಂಡಿದೆ.

6. ಕಟ್ಟೆಯ ಹೊರಗಿನವರು

ಊರುಮಾತನ್ನು ಕೇವಲ ಮೆಚ್ಚುಗೆಯಿಂದ ನೋಡುವುದು ಅಪಾಯಕಾರಿ. ಕಟ್ಟೆಯ ಮೇಲೆ ಕೂರುವ ಹಕ್ಕು, ಬಿಡುವು ಎಲ್ಲರಿಗೂ ಇರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ ಹೆಣ್ಣುಮಕ್ಕಳು ದಿನವಿಡೀ ಸಾಲಾಗಿ ಕುಳಿತು ಕೆಲಸ ಮಾಡುತ್ತಾರೆ; ಅವರ ನಡುವೆಯೂ ಮಾತು ನಿರಂತರವಾಗಿ ಹರಿಯುತ್ತದೆ. ಉರಿಯುವ ಕೈ, ಕೂಲಿಯ ಲೆಕ್ಕ, ಮಕ್ಕಳ ಶಾಲೆ ಅಲ್ಲಿಯ ವಸ್ತು. ಚೀಲ ಹೊರುವ ಹಮಾಲರು ಕಂಡ ಪೇಟೆ ದಲಾಲರು ಕಂಡ ಪೇಟೆಯಲ್ಲ. ‘ನಮ್ಮೂರ ಹೆಸರು’ ಎಂದು ಹೇಳುವ ದನಿ ಯಾರದು, ಆ ಹೆಸರನ್ನು ದುಡಿದು ಉಳಿಸಿದವರ ದನಿ ಎಲ್ಲಿದೆ ಎಂಬ ಪ್ರಶ್ನೆಯಿಲ್ಲದೆ ಮಾಡಿದ ಸಂಗ್ರಹ ಅರ್ಧ ಊರಿನ ಸಂಗ್ರಹವಾದೀತು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಏಲಕ್ಕಿ, ಮೆಣಸಿನಕಾಯಿ, ಗಳಗನಾಥ ಈ ಮೂರರಲ್ಲಿಯೂ ಹೆಸರು ತನ್ನ ನೆಲೆಯಿಂದ ಕಳಚಿಕೊಂಡು ಸಂಚರಿಸಿದೆ. ಮೂರರಲ್ಲಿಯೂ ಊರಿನ ಅಭಿಮಾನಿಗಳ ಮಾತು ಅದನ್ನು ಬಾವಿಗೆ, ಪೇಟೆಗೆ, ಹೊಳೆಯ ದಂಡೆಗೆ ಮರಳಿ ಕಟ್ಟಿದೆ. ಆದುದರಿಂದ ಊರುಮಾತನ್ನು ಚರಿತ್ರೆಯೆಂದು ನಂಬುವುದೂ ಸಲ್ಲ, ಕಾಡುಹರಟೆಯೆಂದು ತಳ್ಳುವುದೂ ಸಲ್ಲ. ಶಾಸನ, ಕಡತ, ಮಾರುಕಟ್ಟೆಯ ಲೆಕ್ಕಗಳ ಪಕ್ಕದಲ್ಲಿಟ್ಟು ಅದನ್ನು ಓದಬೇಕು. ಅವು ಎಲ್ಲಿ ಕೂಡುವುದಿಲ್ಲವೋ ಅಲ್ಲಿಯೇ ಹೆಚ್ಚು ನಿಲ್ಲಬೇಕು.

ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕಾಗಿ ದೂರದ ಹಳ್ಳಿಗಳಿಗೆ ಹೋಗುತ್ತಾರೆ. ಹಾಗೆ ಹೋಗುವಾಗ ಅವರು ಇಳಿದು ಬಸ್ಸು ಬದಲಿಸುವ ಪೇಟೆಯೂ ಒಂದು ಕ್ಷೇತ್ರವೇ ಎಂಬುದನ್ನು ಪಠ್ಯಕ್ರಮವು ಗುರುತಿಸಬೇಕಾಗಿದೆ. ಯಾರು, ಎಲ್ಲಿ, ಯಾರ ಮುಂದೆ ಹೇಳಿದರು ಎಂಬ ವಿವರಗಳೊಡನೆ ಆ ಮಾತನ್ನು ದಾಖಲಿಸಿಕೊಳ್ಳಬೇಕು. ಹೆದ್ದಾರಿ ಊರನ್ನು ಬಿಟ್ಟು ಹೊರಗಿನಿಂದ ಹಾದುಹೋಗುತ್ತಿದೆ. ಹಳೆಯ ಅಂಗಡಿಗಳು ಮುಚ್ಚುತ್ತಿವೆ. ಡಬ್ಬಿ, ಕಡ್ಡಿಗಳ ಒಳಭೇದವನ್ನು ಕೈಯಿಂದಲೇ ಬಲ್ಲ ತಲೆಮಾರು ಹಿಂದೆ ಸರಿಯುತ್ತಿದೆ. ಆ ತಲೆಮಾರಿನೊಂದಿಗೆ ಹೋಗುವುದು ಕೇವಲ ನೆನಪಲ್ಲ, ಒಂದು ಪರಿಭಾಷೆ. ಅದನ್ನು ಉಳಿಸಿಕೊಳ್ಳುವುದು ಕನ್ನಡ ಅಧ್ಯಯನದ ಹೊರಗಿನ ಕೆಲಸವಲ್ಲ.