ಹಿಡಿಗೆ ವಿರುದ್ಧ ಪದ

ಮೊನ್ನೆ ಕನ್ನಡ ಪರೀಕ್ಷೆಗೆ ಓದಿಕೊಳ್ಳುತ್ತಾ, "ತಾತ, ಹಿಡಿ ಅನ್ನೋದಕ್ಕೆ ವಿರುದ್ಧ ಪದ ಏನು?" ಎಂದು ನೀನು ಕೇಳಿದೆ. ನಾನು "ಬಿಡು" ಎಂದೆ. ನೀನು ಬರೆದುಕೊಂಡು ಹೋದೆ. ಪರೀಕ್ಷೆಗೆ ಅಷ್ಟು ಸಾಕು ಮಗಳೇ, ನನಗೆ ಸಾಲಲಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಮನೆಮಾತನ್ನೇ ಕಿವಿಗೊಟ್ಟು ಕೇಳು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತೊಲೆಗೆ ಗೆದ್ದಲು ಹಿಡಿಯುತ್ತದೆ, ಸೂರ್ಯನಿಗೆ ಗ್ರಹಣ ಹಿಡಿಯುತ್ತದೆ. ಗಿಡವಾದರೋ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ. ನೆಟ್ಟ ಸಸಿ ಬೇರು ಬಿಟ್ಟರೆ ಬದುಕಿತು ಅನ್ನುತ್ತೇವೆ. ನೆಲವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವ ಬೇರಿಗೂ ಕನ್ನಡ ಕೊಟ್ಟಿರುವುದು ಬಿಡುವ ಕೆಲಸವನ್ನೇ! ಕರು ಬಿಟ್ಟ ಮೇಲೆ ತಾನೇ ಹಸು ಹಾಲಿಳಿಸುವುದು? ಬಿಡುವು, ಬಿಡುಗಡೆ, ಬಿಡಾರ, ಬೀಡು ಎಲ್ಲ ಒಂದೇ ಬುಡದವು. ತಮಿಳರ 'ವೀಡು' ಅಂದರೆ ಮನೆಯೂ ಹೌದು, ಮೋಕ್ಷವೂ ಹೌದು. ಸಂಸ್ಕೃತದ ಮೋಕ್ಷ, ಮುಕ್ತಿಗಳ ಧಾತು 'ಮುಚ್' ಕೂಡ ಬಿಡು ಎಂದೇ ಹೇಳುತ್ತದೆ. ಹೇಳಿಬಿಡು, ಬರೆದುಬಿಡು, ಮುಗಿಸಿಬಿಡು ಅನ್ನುತ್ತೇವಲ್ಲ, ಕೆಲಸ ಪೂರ್ತಿಯಾಗಲಿಕ್ಕೂ ಕೊನೆಗೆ ಈ ಪದವೇ ಬರಬೇಕು.

ಹಾಗಂತ ಬಿಡುವುದೆಲ್ಲ ಒಳ್ಳೆಯದಲ್ಲ. ಬಿಟ್ಟುಕೊಡುವುದು ಬೇರೆ, ಕೈಬಿಡುವುದು ಬೇರೆ. ಇದು ನನಗೆ ತಿಳಿದದ್ದು ತೀರಾ ತಡವಾಗಿ.

ಹೊಲದ ಬದು ಒಂದು ಮೊಳ ಆಚೆಗೋ ಈಚೆಗೋ ಎಂಬ ಮಾತಿಗೆ ನಾನೂ ನನ್ನ ತಮ್ಮನೂ ಜಗಳವಾಡಿದೆವು. ನಾನು ಹಟ ಹಿಡಿದೆ, ಮಾತು ಬಿಟ್ಟೆ. ಬಿಡಬೇಕಾದದ್ದನ್ನು ಹಿಡಿದೆ, ಹಿಡಿಯಬೇಕಾದದ್ದನ್ನು ಬಿಟ್ಟೆ. 11 ವರ್ಷ ಹಾಗೇ ಹೋಯಿತು. ಅವನ ಮಗಳ ಮದುವೆಯ ವಾಲಗ ನಮ್ಮ ಜಗಲಿಗೆ ಕೇಳಿಸುತ್ತಿತ್ತು, ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಅವ್ವ ತೀರಿಕೊಂಡ ದಿನ ಇಬ್ಬರೂ ಚಟ್ಟಕ್ಕೆ ಹೆಗಲು ಕೊಟ್ಟೆವು. ಕೆರೆ ಏರಿ ಹತ್ತುವಾಗ ನನ್ನ ಕಾಲು ನಡುಗಿತು. "ಅಣ್ಣ, ನೀನು ಬಿಡು, ನಾನು ಹಿಡೀತೀನಿ" ಎಂದ. ಅಷ್ಟು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು ಅದು. ಆ ಎರಡು ಪದಗಳನ್ನು ನಾನು ಕಲಿತದ್ದು ಅಲ್ಲಿ.

ನಿನ್ನ ಓದನ್ನು, ನಿನ್ನ ಮರ್ಯಾದೆಯನ್ನು ಯಾರ ಬಲವಂತಕ್ಕೂ ಬಿಟ್ಟುಕೊಡಬೇಡ. ಅದರಲ್ಲಿ ನೀನು ಎಷ್ಟು ಗಟ್ಟಿಯಾಗಿ ನಿಂತರೂ ನಾನು ನಿನ್ನ ಪಕ್ಕದಲ್ಲಿರುತ್ತೇನೆ. ಆದರೆ ನಿನ್ನ ಗೆಳತಿ ಹದಿನೈದು ದಿನದಿಂದ ನಮ್ಮ ಮನೆ ಕಡೆ ಬಂದಿಲ್ಲ. ಏನಾಯಿತೆಂದು ನಾನು ಕೇಳುವುದಿಲ್ಲ. ತಪ್ಪು ಅವಳದೇ ಇರಬಹುದು. ನಾಳೆ ಕಾಲೇಜು ಬಿಟ್ಟ ಮೇಲೆ ಅವಳ ಮನೆಗೆ ಹೋಗಿ ಬಾ. ಮಾತು ಹೇಗೆ ಶುರುಮಾಡುವುದೆಂದು ತೋಚದಿದ್ದರೆ ನೋಟ್ಸ್ ಕೇಳು. ಹಿತ್ತಿಲಲ್ಲಿ ಮಲ್ಲಿಗೆ ಚೆನ್ನಾಗಿ ಬಿಟ್ಟಿದೆ, ಒಂದು ಮೊಳ ಕಟ್ಟಿಸಿಕೊಂಡು ಹೋಗು.