ಚಾನೆಲ್ ಕಿರಿದಾದಾಗ: ನೀಲಗಿರಿಯಂಥ ಬೆಟ್ಟಸೀಮೆಯ ವಾಕಿಟಾಕಿ ಜಾಲ

ದ್ವಿಮುಖ ರೇಡಿಯೊ ಚಾನೆಲ್‌ನ ಅಗಲವನ್ನು 25 ಕಿಲೋಹರ್ಟ್ಜ್‌ನಿಂದ 12.5ಕ್ಕೆ ಇಳಿಸುವುದೇ ನ್ಯಾರೋಬ್ಯಾಂಡಿಂಗ್. ಇದ್ದಷ್ಟೇ ತರಂಗಪಟ್ಟಿಯಲ್ಲಿ ಹೆಚ್ಚು ಬಳಕೆದಾರರಿಗೆ ಜಾಗ ಮಾಡಿಕೊಡುವುದು ಇದರ ಉದ್ದೇಶ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಇದಕ್ಕಾಗಿ 150–174 ಹಾಗೂ 421–470 ಮೆಗಾಹರ್ಟ್ಜ್ ಪಟ್ಟಿಗಳಿಗೆ ವಿಧಿಸಿದ ಗಡುವು 2013ರ ಜನವರಿ 1. ಭಾರತದಲ್ಲಿ ಆವರ್ತನ ನಿರ್ವಹಣೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು. ಆ ವಿಭಾಗ ಸ್ಥಾಪನೆಯಾದದ್ದು 1952ರಲ್ಲಿ.

ಈ ಬದಲಾವಣೆಯಲ್ಲಿ ಹೆಚ್ಚಿನವರು ಎಡವುವುದು ಕಾರ್ಯವಿಧಾನದಲ್ಲಿ. ಚಾನೆಲ್ ಕಿರಿದಾದಾಗ ಎಫ್‌ಎಂ ವಿಚಲನ ±5ರಿಂದ ±2.5 ಕಿಲೋಹರ್ಟ್ಜ್‌ಗೆ ಇಳಿಯುತ್ತದೆ. ಆಗ ಹಳೆಯ ಸೆಟ್‌ನಲ್ಲಿ ಹೊಸ ಸೆಟ್‌ನ ದನಿ ಕ್ಷೀಣವಾಗಿ ಕೇಳುತ್ತದೆ. ಹೊಸದರಲ್ಲಿ ಹಳೆಯದರ ದನಿ ಒಡೆಯುತ್ತದೆ. ಹಾಗಾಗಿ ರಿಪೀಟರ್ ಮತ್ತು ಕೈಸೆಟ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಮೊದಲು ಎಲ್ಲ ಸೆಟ್‌ಗಳ ಪಟ್ಟಿ ಮಾಡಿ, ಮರುಪ್ರೋಗ್ರಾಂ ಆಗುವಂಥವನ್ನು ಬೇರ್ಪಡಿಸಿ, ಪರವಾನಗಿ ತಿದ್ದಿಸಿಕೊಳ್ಳಬೇಕು.

ನೀಲಗಿರಿಯಲ್ಲಿ ಇದು ಇನ್ನೂ ಕಠಿಣ. ವಿಎಚ್‌ಎಫ್ ಅಲೆ ಬಹುಮಟ್ಟಿಗೆ ದೃಷ್ಟಿರೇಖೆಯಲ್ಲೇ ಸಾಗುತ್ತದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟವಿರುವ ಈ ಜಿಲ್ಲೆಯಲ್ಲಿ ಉದಗಮಂಡಲ ಮೇಲಿದೆ, ಮಸಿನಗುಡಿ ಘಟ್ಟದ ಕೆಳಗಿದೆ, ಗೂಡಲೂರು ಇನ್ನೊಂದು ಇಳಿಜಾರಿನಲ್ಲಿದೆ. ಚಾನೆಲ್ ಕಿರಿದಾದರೆ ಅನಲಾಗ್ ದನಿಯ ವ್ಯಾಪ್ತಿ ಅಂಚಿನಲ್ಲಿ ತುಸು ಕುಗ್ಗುತ್ತದೆ. ಮುದುಮಲೆ ಕಾಡಿನಲ್ಲಿ ಆನೆಯ ಸುಳಿವನ್ನೋ ಕಾಳ್ಗಿಚ್ಚಿನ ಸುದ್ದಿಯನ್ನೋ ಮುಟ್ಟಿಸಬೇಕಾದ ಕಾವಲುಗಾರನಿಗೆ ಆ ಅಂಚೇ ಪ್ರಾಣ. ನಕ್ಷೆ ನೋಡಿ ಅಂದಾಜಿಸಿದರೆ ಸಾಲದು; ಕಣಿವೆ ಕಣಿವೆಗೂ ನಡೆದು, ಮಳೆಗಾಲದಲ್ಲೂ ಮಾತಾಡಿ ಪರೀಕ್ಷಿಸಬೇಕು.