ಕಡಿವಾಣವೋ, ತಾಳ್ಮೆಯೋ?

ಐನೂರು ಕಿಲೋಗ್ರಾಂ ತೂಕದ ಕುದುರೆಯು ಅರವತ್ತು ಕಿಲೋಗ್ರಾಂ ತೂಕದ ಸವಾರನ ಮಾತನ್ನು ಕೇಳುವುದೇಕೆ? ಬಲದಲ್ಲಿ ಮನುಷ್ಯನು ಅದಕ್ಕೆ ಎಣೆಯಲ್ಲ. ಆದುದರಿಂದ ಕುದುರೆಯನ್ನು ಪಳಗಿಸಲು ಹೊರಟವರ ಮುಂದೆ ಹಿಂದಿನಿಂದಲೂ ಎರಡು ದಾರಿಗಳಿವೆ. ನೋವಿನಿಂದ ಅಡಗಿಸುವುದು ಒಂದು. ತಿಳಿಯುವಂತೆ ಕಲಿಸುವುದು ಇನ್ನೊಂದು. ಇವುಗಳಲ್ಲಿ ಯಾವುದು ಮೇಲೆಂಬುದು ಕೇವಲ ದಯೆಯ ಪ್ರಶ್ನೆಯಲ್ಲ. ವಿಜ್ಞಾನವೂ ಇದಕ್ಕೆ ಉತ್ತರ ಕೊಡಬಲ್ಲುದು.

ವಾದವೇನೂ ಹೊಸದಲ್ಲ. ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಸಿನ ಕ್ಸೆನೊಫನ್ ಅಶ್ವವಿದ್ಯೆಯನ್ನು ಕುರಿತು ಗ್ರಂಥವೊಂದನ್ನು ಬರೆದನು. ಕೋಪದಲ್ಲಿರುವಾಗ ಕುದುರೆಯ ಕೆಲಸಕ್ಕೆ ಕೈಹಾಕಬಾರದು, ಬಲವಂತಕ್ಕೆ ಮಾಡಿದ ಕೆಲಸವನ್ನು ಅದು ಅರ್ಥಮಾಡಿಕೊಂಡಿರುವುದಿಲ್ಲ ಎಂಬುದು ಅವನ ಮತ. ಆದರೂ ನಯವಾದ ಕಡಿವಾಣದ ಜೊತೆಗೆ ಒರಟಾದುದೊಂದನ್ನೂ ಇಟ್ಟುಕೊಳ್ಳುವಂತೆ ಅವನೇ ಹೇಳಿದ್ದಾನೆ. 1550ರಲ್ಲಿ ಪುಸ್ತಕ ಪ್ರಕಟಿಸಿದ ನೇಪಲ್ಸಿನ ಗ್ರಿಸೋನೆಯು ಕಠಿಣ ಶಿಕ್ಷೆಯನ್ನೇ ಬೋಧಿಸಿದನು. ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿಗೆ ಸವಾರಿ ಕಲಿಸಿದ ಪ್ಲುವಿನೆಲ್ ಮೃದುಮಾರ್ಗವನ್ನು ಮತ್ತೆ ಎತ್ತಿಹಿಡಿದನು.

ಬಾಯಿಯ ರಚನೆ

ಕುದುರೆಯ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಬರಿದಾದ ಎಡೆಯೊಂದಿದೆ. ಕಡಿವಾಣದ ಕಬ್ಬಿಣವು ಕೂಡುವುದು ಇಲ್ಲಿಯೇ. ಇಲ್ಲಿ ಕೆಳದವಡೆಯ ಎಲುಬಿನ ಅಂಚು ಕಿರಿದು. ಅದರ ಮೇಲೆ ತೆಳುವಾದ ವಸಡಿನ ಹೊದಿಕೆಯ ಹೊರತು ಬೇರೆ ಮೆತ್ತೆಯಿಲ್ಲ. ನಮ್ಮ ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬಿಗೆ ಏಟು ಬಿದ್ದರೆ ಎಷ್ಟು ನೋವಾಗುವುದೆಂಬುದನ್ನು ನೆನೆದರೆ ಈ ಜಾಗದ ಸೂಕ್ಷ್ಮತೆಯನ್ನು ಊಹಿಸಬಹುದು.

ಸನ್ನೆಕೋಲಿನ ಲೆಕ್ಕ

ಸಾಧಾರಣ ಕಡಿವಾಣದಲ್ಲಿ ವಾಘೆಯನ್ನು ಎಳೆದಷ್ಟೇ ಬಲವು ಬಾಯಿಗೆ ತಲಪುತ್ತದೆ. ಆದರೆ ಕೆಲವು ಕಡಿವಾಣಗಳ ಎರಡು ಪಕ್ಕಗಳಲ್ಲಿಯೂ ಉದ್ದವಾದ ತೋಳುಗಳಿದ್ದು, ಗದ್ದದ ಕೆಳಗೆ ಸರಪಣಿಯೊಂದು ಹಾಯ್ದಿರುತ್ತದೆ. ಇದು ಸನ್ನೆಕೋಲೇ ಸರಿ. ಬಾಯಿಯ ಕಬ್ಬಿಣದಿಂದ ಕೆಳತೋಳು 10 ಸೆಂಟಿಮೀಟರ್, ಮೇಲ್ತೋಳು 5 ಸೆಂಟಿಮೀಟರ್ ಇರಲಿ. ಸವಾರನು 2 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದರೆ ಸರಪಣಿಯ ಬಿಗಿತವು ಅದರ ಎರಡರಷ್ಟು, ಎಂದರೆ 4 ಆಗುತ್ತದೆ. ಈ ಎರಡೂ ಕೂಡಿ ವಸಡಿನ ಮೇಲೆ ಬೀಳುವ ಬಲ 6, ಎಳೆತದ ಮೂರರಷ್ಟು!

ಇಷ್ಟಕ್ಕೇ ಮುಗಿಯಲಿಲ್ಲ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದುದು. ಕಬ್ಬಿಣವು ಸಣ್ಣಗಾದಷ್ಟೂ, ಹುರಿಗೊಂಡಷ್ಟೂ, ಮುಳ್ಳುಗಳಿದ್ದಷ್ಟೂ ಅದೇ ಬಲವು ಹೆಚ್ಚು ಕೊರೆಯುತ್ತದೆ. ಭಾರತದಲ್ಲಿ 1965ರ ನಿಯಮಗಳು ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗೆ ಮುಳ್ಳಿನ ಕಡಿವಾಣ ಹಾಕುವುದನ್ನು ನಿಷೇಧಿಸಿದುದು ಸಕಾರಣವಾಗಿಯೇ.

ಕಲಿಯುವ ಬಗೆ

ಕುದುರೆಯು ಓಡಿ ಬದುಕುವ ಪ್ರಾಣಿ. ಅದರ ಸ್ವಭಾವದಲ್ಲಿ ಭಯಕ್ಕೂ ನೋವಿಗೂ ಸಹಜವಾದ ಉತ್ತರ ಪಲಾಯನ. ಬೆದರಿ ಓಡುವ ಕುದುರೆಯ ಬಾಯನ್ನು ಕ್ರೂರವಾಗಿ ಜಗ್ಗಿದರೆ ಓಡಲು ಇನ್ನೊಂದು ಕಾರಣವನ್ನು ಒದಗಿಸಿದಂತಾಗುತ್ತದೆ. ಆಗ ಅಪಾಯವು ಸವಾರನಿಗೂ ತಪ್ಪಿದ್ದಲ್ಲ.

ಹಾಗಾದರೆ ಕುದುರೆಯು ಕಲಿಯುವುದು ಹೇಗೆ? ಹಿತವಾದ ಫಲವನ್ನು ಕೊಟ್ಟ ವರ್ತನೆಯು ಮರುಕಳಿಸುತ್ತದೆಂದು ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕು ಮೊದಲಾದ ಪ್ರಾಣಿಗಳ ಪ್ರಯೋಗಗಳಿಂದ ತೋರಿಸಿದನು. ಸವಾರಿಯಲ್ಲಿ ಆ ಹಿತವೆಂದರೆ ಒತ್ತಡದ ಬಿಡುಗಡೆ. ವಾಘೆಯನ್ನು ಮೆಲ್ಲನೆ ಬಿಗಿಹಿಡಿದಾಗ ಕುದುರೆಯು ಒಂದು ಹೆಜ್ಜೆ ನಿಧಾನಿಸಿದರೆ ಆ ಕ್ಷಣವೇ ಕೈ ಸಡಿಲಬೇಕು. ತಡವಾಗಿ ಬಿಟ್ಟರೆ ಸಂಬಂಧವು ತಿಳಿಯದು. ತಲೆಯೊದರುವಾಗ ಬಿಟ್ಟರೆ ತಲೆಯೊದರುವುದನ್ನೇ ಕಲಿಯುವುದು. ಬಿಡದೆಯೇ ಜಗ್ಗುತ್ತಿದ್ದರೆ ಆ ಸನ್ನೆಗೆ ಅರ್ಥವೇ ಉಳಿಯದು. ಇಂಥ ಕುದುರೆಯನ್ನು ‘ಗಟ್ಟಿಬಾಯಿಯದು’ ಎಂದು ಜರೆದು, ಇನ್ನೂ ಕಠಿಣವಾದ ಕಡಿವಾಣವನ್ನು ತರುವವರುಂಟು. ತಪ್ಪು ಕಲಿಸಿದವನದು, ದಂಡ ಕಲಿತದ್ದಕ್ಕೆ.

ಕುದುರೆಗೆ ಎಷ್ಟು ಸಣ್ಣ ಸನ್ನೆ ಸಾಕು? ಬರ್ಲಿನ್ನಿನ ‘ಜಾಣ ಹಾನ್ಸ್’ ಎಂಬ ಕುದುರೆಯು ಕೇಳಿದ ಲೆಕ್ಕಕ್ಕೆ ಗೊರಸು ಕುಟ್ಟಿ ಉತ್ತರಿಸುತ್ತಿತ್ತು. 1907ರಲ್ಲಿ ಪ್ರಕಟವಾದ ಫುಂಗ್‌ಸ್ಟನ ಪರೀಕ್ಷೆಯಿಂದ ಗುಟ್ಟು ಬಯಲಾಯಿತು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನಿಸಿದವನ ತಲೆಯು ಅವನಿಗೇ ಅರಿವಿಲ್ಲದೆ ತುಸುವೇ ಅಲುಗುತ್ತಿತ್ತು; ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಉತ್ತರವನ್ನರಿಯದವನು ಕೇಳಿದರೆ ಅದು ಸೋಲುತ್ತಿತ್ತು. ಲೆಕ್ಕ ಬಾರದಿದ್ದರೇನು? ಕೂದಲೆಳೆಯಷ್ಟು ಚಲನೆಯನ್ನು ಗುರುತಿಸುವ ಪ್ರಾಣಿಗೆ ಬಾಯಿ ಹರಿಯುವಂತೆ ಜಗ್ಗುವ ಅಗತ್ಯವೆಲ್ಲಿ?

ಒಂದು ಮಾತನ್ನು ಮರೆಯಬಾರದು. ನಯವಾದ ಕಡಿವಾಣವೂ ಒರಟು ಕೈಯಲ್ಲಿ ಹಿಂಸೆಯೇ. ಉಪಕರಣವನ್ನು ಬದಲಾಯಿಸಿದ ಮಾತ್ರಕ್ಕೆ ಸಾಲದು, ಕೈ ಪಳಗಬೇಕು. ಕುದುರೆಗೆ ಕಲಿಸ ಹೊರಟವನು ಮೊದಲು ತಾನು ಕಲಿಯಬೇಕಾದ ಪಾಠ ತಾಳ್ಮೆಯೇ.